ಜೀರಿಗೆ ವಾಸನೆಯ ಹವಳದ ಕಲ್ಲು

"ಆ ಜಾಡಿ ಮುಟ್ಟಿದ್ರೆ ಕೈ ಮುರೀತೀನಿ, ಅಕಾ! ಮದುವೆ ಮಹಲು ಅಂತಾನೂ ನೋಡಲ್ಲ!"

ಜುಲ್ಫಿಜಾರ್ ಹೀಗೆ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಾಜಿನ ಜಾಡಿಯೊಂದನ್ನು ಎರಡೂ ಕೈಯಿಂದ ಎದೆಗವಚಿಕೊಂಡು ನಿಂತಿದ್ದಳು. ಎದುರಿಗೆ ಮಹಲಿನ ಮಾಲೀಕ ಎರ್ಗಶ್, ಬ್ಲೀಚಿಂಗ್ ನೀರಿನ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದ. ಕೈ ಮುರಿಯುತ್ತೇನೆ ಎನ್ನುವಾಗಲೂ ಅವನನ್ನು ಅಣ್ಣ ಎಂದೇ ಕರೆದಳಲ್ಲ, ಅದು ನಮ್ಮ ತಾಷ್ಕೆಂಟಿನ ಹೆಣ್ಣುಮಕ್ಕಳ ಮರ್ಯಾದೆ.

ಕಳೆದ ವಾರ ಈ ಮಹಲಿನ ಅಕ್ವೇರಿಯಂ ನೋಡಿಕೊಳ್ಳುವ ಹಮ್ದಮ್ ತೊಟ್ಟಿಯ ಪಕ್ಕದಲ್ಲೇ ಬಿದ್ದು ಸಿಕ್ಕಿದ್ದ. ಇವತ್ತಿಗೂ ಕಣ್ಣು ಬಿಟ್ಟಿಲ್ಲ, ಯಾವ ವಿಷವೆಂದು ಡಾಕ್ಟರಿಗೂ ತಿಳಿದಿಲ್ಲ, ಜುಲ್ಫಿಜಾರ್ ಸಾಕಿದ ಕಡಲ ಹುಳುಗಳೇ ನೀರಿಗೆ ವಿಷ ಬಿಟ್ಟವೆಂದು ಎರ್ಗಶ್ ದೂರು ಕೊಟ್ಟಿದ್ದಾನೆ. ಅದಕ್ಕೇ ಪೊಲೀಸರು ಜಾಡಿ ಸಮೇತ ಅವಳನ್ನು ಇಲ್ಲಿಗೆ ಕರೆಸಿದ್ದರು, ನಾನು ಜೊತೆಗೆ ಬಂದಿದ್ದೆ.

"ಸಹಿ ಹಾಕಮ್ಮ," ಎಂದ ಲೆಫ್ಟಿನೆಂಟ್ ಎಲ್ಮುರಾದ್. ಬರೆದೇ ತಂದಿದ್ದ ತಪ್ಪೊಪ್ಪಿಗೆ ಮೇಜಿನ ಮೇಲಿತ್ತು. "ಹಾಕಿದ್ರೆ ಅಜಾಗರೂಕತೆ ಅಂತ ಸಣ್ಣ ಕೇಸು. ಇಲ್ಲಾಂದ್ರೆ ವಿಷ ಹಾಕಿ ಕೊಲ್ಲೋಕೆ ನೋಡಿದ್ದು. ಸಂಜೆಯೊಳಗೆ ಜೀಪು ಹತ್ತಿಸ್ತೀನಿ."

"ನನ್ನ ಹುಳುಗಳು ಯಾರಿಗೂ ಏನೂ ಮಾಡಿಲ್ಲ. ಹಾಕಲ್ಲ."

"ಹಟ ಮಾಡ್ಬೇಡ ಮಗಳೇ," ಎಂದು ಎರ್ಗಶ್ ದನಿಗೆ ಬೆಣ್ಣೆ ಹಚ್ಚಿದ.

"ಮಗಳೇ ಗಿಗಳೇ ಅನ್ಬೇಡಿ. ನಿಮ್ಮ ಬಾಯಲ್ಲಿ ಆ ಮಾತು ಬೇಡ."

ನಾನು ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. "ಎಲ್ಮುರಾದ್, ಪೆನ್ನಿನ ಕ್ಯಾಪ್ ಹಾಕು."

"ನೀವೀಗ ಇಲಾಖೆಯಲ್ಲಿಲ್ಲ, ಮುಕದ್ದಸ್ ಓಪಾ."

"ಇಲ್ಲ. ಇಂಥದೇ ಒಂದು ಹೇಳಿಕೆಗೆ ಹೆದರಿಸಿ ಸಹಿ ಹಾಕಿಸಲ್ಲ ಅಂದಿದ್ದಕ್ಕೇ ತಾನೆ ಮನೆಗೆ ಕಳಿಸಿದ್ದು? ಆದ್ರೂ ಬಾಯಿ ತುಂಬ ಓಪಾ ಅಂದ್ಯಲ್ಲ. ಅಕ್ಕ ಅಂದ ಮೇಲೆ ಅಕ್ಕನ ಮಾತು ಸ್ವಲ್ಪ ಹೊತ್ತು ಕೇಳು."

ನನ್ನ ಕೈಕೆಳಗೇ ಕೆಲಸ ಕಲಿತ ಹುಡುಗ. ಗೊಣಗಿಕೊಂಡೇ ಕ್ಯಾಪ್ ಹಾಕಿದ.

ನನ್ನ ಮನೆಯಲ್ಲೂ ಒಂದು ಸಣ್ಣ ಹವಳದ ತೊಟ್ಟಿ ಇದೆ. ಯಾವ ದಿಕ್ಕಿಗೆ ಹೊರಟರೂ ಕಡಲು ಸಿಗದ ಊರು ನಮ್ಮದು. ಆ ಸಿಟ್ಟಿಗೇ ಏನೋ, ಉಪ್ಪು ಕಲಸಿ ಮನೆಯೊಳಗೇ ಕಡಲು ಮಾಡಿಕೊಂಡ ಹುಚ್ಚರು ನಾವೊಂದಷ್ಟು ಜನ ಇದ್ದೇವೆ. ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಗಶ್ತಕ್ ಸೇರಿ ಪಲಾವ್ ತಿಂದು ಹರಟುತ್ತೇವೆ. ನಮ್ಮ ಗಶ್ತಕ್‌ನಲ್ಲಿ ಸರದಿಯ ಹಿಂದೆಯೇ ಜುಲ್ಫಿಜಾರಳ ಜಾಡಿಯೂ ಮನೆಯಿಂದ ಮನೆಗೆ ಹೋಗುತ್ತದೆ.

ಯಾಕೆಂದರೆ ಹವಳದ ತೊಟ್ಟಿಗೆ ಒಮ್ಮೆ ಕಳೆಹೂ ಹೊಕ್ಕಿತೆಂದರೆ ಮುಗಿಯಿತು. ನೋಡಲು ಕಂದು ಬಣ್ಣದ ಹೂವು, ನಿಜದಲ್ಲಿ ಅದೊಂದು ಪ್ರಾಣಿ. ಪಕ್ಕದ ಹವಳವನ್ನು ಚುಚ್ಚಿ ಚುಚ್ಚಿ ಸಾಯಿಸುತ್ತದೆ. ಕಿತ್ತರೆ ಉಳಿದ ಚೂರಿನಿಂದಲೇ ಮತ್ತೆ ಹುಟ್ಟುತ್ತದೆ. ಅದನ್ನು ಬುಡಸಮೇತ ತಿಂದು ಮುಗಿಸುವುದರಲ್ಲಿ ಚಿಪ್ಪಿಲ್ಲದ ಈ ಕಡಲ ಬಸವನಹುಳುವನ್ನು ಮೀರಿಸುವವರಿಲ್ಲ. ಉಗುರಿನಷ್ಟುದ್ದ, ಬೆನ್ನ ತುಂಬ ಗರಿ. ಕಳೆಹೂ ಬಿಟ್ಟು ಬೇರೇನನ್ನೂ ಮುಟ್ಟದು, ಅದು ಮುಗಿದರೆ ಉಪವಾಸ ಬಿದ್ದು ಸಾಯುತ್ತದೆ. ಹಾಗಾಗಿ ಒಂದು ಮನೆಯ ಕಳೆ ಮುಗಿದ ಕೂಡಲೇ ಮುಂದಿನ ಮನೆಗೆ. ಕಳೆದ ಸಲದ ಸರದಿ ಹಮ್ದಮನದು. ಅವನು ಹುಳುಗಳನ್ನು ಈ ಮಹಲಿನ ದೊಡ್ಡ ತೊಟ್ಟಿಗೆ ಬಿಟ್ಟಿದ್ದ.

"ಎರ್ಗಶ್ ಅಕಾ, ಹಮ್ದಮ್ ಹೇಗೆ ಬಿದ್ದ, ಇನ್ನೊಂದ್ಸಲ ಹೇಳಿ," ಎಂದೆ.

"ಎಷ್ಟು ಸಲ ಹೇಳ್ಬೇಕು? ಈ ನೀರಿಗೆ ಕೈ ಹಾಕಿದ, ಕೆಮ್ಮಿದ, ನಡುಗಿದ, ಬಿದ್ದ. ಕಣ್ಣಾರೆ ಕಂಡಿದ್ದೀನಿ."

ಜುಲ್ಫಿಜಾರ್ ಜಾಡಿಯನ್ನು ನನ್ನ ಕೈಗಿತ್ತಳು. ನಾನು ಏನು ಎತ್ತ ಎನ್ನುವಷ್ಟರಲ್ಲಿ ಅಂಗಿಯ ತೋಳು ಮಡಚಿ, ಮೆಟ್ಟಿಲ ಮೇಲೆ ಹತ್ತಿ, ಭುಜದ ತನಕ ಕೈಯನ್ನು ತೊಟ್ಟಿಯೊಳಗೆ ಇಳಿಸಿಬಿಟ್ಟಳು.

"ಏಯ್! ತೆಗಿ!" ಎಂದು ಎಲ್ಮುರಾದ್ ಎಗರಿದ.

"ತೆಗೆಯಲ್ಲ. ನನ್ನ ಹುಳುಗಳು ವಿಷ ಬಿಟ್ಟಿದ್ರೆ ನಾನೂ ಬೀಳ್ಬೇಕಲ್ಲ? ನೋಡ್ತಾ ಇರಿ."

ಹಳದಿ ಮೀನೊಂದು ಬಂದು ಅವಳ ಬಳೆಯನ್ನು ಮೂಸಿ ಹೋಯಿತು. ಉಳಿದ ಮೀನುಗಳು ತಮ್ಮ ಪಾಡಿಗೆ ತಾವಿದ್ದವು. ಈ ಹುಡುಗಿಯನ್ನು ನಾನು ತುಂಬ ಹಚ್ಚಿಕೊಂಡಿದ್ದೇನೆ, ಅದನ್ನು ಮುಚ್ಚಿಡುವುದೇಕೆ? ಅವಳಿಗೆ ಏನಾದರೂ ಆದರೆ ಎರ್ಗಶನನ್ನು ಆ ತೊಟ್ಟಿಯಲ್ಲೇ ಮುಳುಗಿಸುತ್ತಿದ್ದೆ.

ಕೈಯಲ್ಲಿದ್ದ ಜಾಡಿಯನ್ನು ಬೆಳಕಿಗೆ ಹಿಡಿದೆ. ಹುಳುಗಳು ಹಾಲಿನ ಎಳೆಯಂತೆ ಬೆಳ್ಳಗಿದ್ದವು. ನನ್ನ ಮನೆಯಿಂದ ಹೊರಟಾಗ ಚಹಾದ ಬಣ್ಣವಿತ್ತು.

"ಜುಲ್ಫಿಜಾರ್, ಇವು ಯಾಕೆ ಹೀಗೆ ಬಿಳಚಿಕೊಂಡಿವೆ?"

"ಹೊಟ್ಟೆಗಿಲ್ಲ ಓಪಾ. ಕಳೆಹೂ ತಿಂದ್ರೆ ಅದರ ಕಂದು ಬಣ್ಣ ಇವುಗಳ ಮೈಗೆ ಬರುತ್ತೆ. ಹಸಿದ್ರೆ ಹೋಗುತ್ತೆ."

"ಎಷ್ಟು ದಿನದ ಹಸಿವು ಇದು?"

"ವಾರದ್ದಂತೂ ಹೌದು."

"ಈ ತೊಟ್ಟಿ ತುಂಬ ಕಳೆಹೂ ಇತ್ತು ಅಂತಿದ್ದ ಹಮ್ದಮ್."

"ತುಂಬಿ ತುಳುಕ್ತಿತ್ತು. ಇಷ್ಟು ಹುಳುಗಳಿಗೆ ತಿಂಗಳುಗಟ್ಟಲೆ ಊಟ."

ಈಗ ಎಲ್ಮುರಾದನೂ ಗಾಜಿಗೆ ಮೂಗು ಹಚ್ಚಿ ನೋಡಿದ. ಎಲ್ಲಿಯ ಕಳೆಹೂ? ಹುಡುಕಿದರೂ ಒಂದಿರಲಿಲ್ಲ. ಬಲಗಡೆಯ ಹವಳಗಳು ಎಂದಿನಂತೆ ಅರಳಿದ್ದವು. ಎಡಗಡೆಯ ಕಲ್ಲುಗಳೆಲ್ಲ ಮಾತ್ರ ಸುಣ್ಣ ಬಳಿದ ಹಾಗೆ ಬೋಳಾಗಿದ್ದವು.

"ಅಷ್ಟೂ ಕಳೆಹೂ ಎಲ್ಲಿ ಹೋಯ್ತು, ಎರ್ಗಶ್ ಅಕಾ?"

"ಹುಳುಗಳು ತಿಂದ್ವು. ಅದಕ್ಕೇ ತಾನೆ ತಂದಿದ್ದು?"

"ತಿಂಗಳುಗಟ್ಟಲೆಯ ಊಟ ಇಷ್ಟು ಬೇಗ ಮುಗಿಸೋಕಾಗಲ್ಲ, ವಾರದಿಂದ ಉಪವಾಸ ಬೇರೆ. ಇವು ಊಟ ಮುಗಿಸೋ ಮುಂಚೆಯೇ ಯಾರೋ ಎಲೆ ಎತ್ತಿಬಿಟ್ಟಿದ್ದಾರೆ."

ಎರ್ಗಶ್ ಬ್ಲೀಚಿಂಗ್ ಕ್ಯಾನನ್ನು ಕೆಳಗಿಟ್ಟ. ಇಟ್ಟವನು ಕೈ ಒರೆಸಿಕೊಂಡ. ಒದ್ದೆಯಾಗಿಯೇ ಇರದ ಕೈಯನ್ನು ಒರೆಸಿಕೊಳ್ಳುವವರನ್ನು ನಾನು ಇಲಾಖೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

"ಈ ಜಾಡಿ ನಿನಗೆ ವಾಪಸ್ ಹೇಗೆ ಬಂತು?" ಎಂದು ಜುಲ್ಫಿಜಾರಳನ್ನು ಕೇಳಿದೆ.

"ಬಾಗಿಲ ಮುಂದೆ ಇಟ್ಟು ಹೋಗಿದ್ರು. ಹಮ್ದಮ್ ಅಕಾ ಆಸ್ಪತ್ರೆ ಸೇರಿದ ಮಾರನೇ ದಿನ. ಒಳಗೆ ಹುಳು, ಜೊತೆಗೆ ಆ ಕಲ್ಲು."

ಜಾಡಿಯ ತಳದಲ್ಲಿ ಮುಷ್ಟಿಗಾತ್ರದ ಹವಳದ ಕಲ್ಲಿತ್ತು. ತೆಗೆದು ಮೂಗಿನ ಹತ್ತಿರ ಹಿಡಿದೆ. ಇಂಥ ಕಲ್ಲಿಗೆ ಕಡಲಿನ ವಾಸನೆ ಇರಬೇಕು. ಇದರಿಂದ ಬಂದದ್ದು ಮದುವೆ ಊಟದ ಘಮ. ತಲೆಯಿಂದ ಪಿನ್ನು ಕಿತ್ತು ಕಲ್ಲಿನ ತೂತೊಂದನ್ನು ಕೆದಕಿದೆ. ಬೂದು ಬಣ್ಣದ ಕೊಬ್ಬಿನ ಚೂರು ಬಂತು. ಅದಕ್ಕೆ ಅಂಟಿಕೊಂಡು ಒಂದು ಜೀರಿಗೆ ಕಾಳು.

"ಎಲ್ಮುರಾದ್, ಮೂಸು."

"ಓಪಾ, ನಾನು ಪೊಲೀಸು. ಪೊಲೀಸ್ ನಾಯಿಯಲ್ಲ."

"ಆ ನಾಯಿ ಆಗಿದ್ರೆ ವಾರದ ಹಿಂದೆಯೇ ಕೇಸು ಮುಗಿಸ್ತಿತ್ತು. ಮೂಸು."

ಮುಖ ಕಿವುಚಿಕೊಂಡು ಮೂಸಿದ. ಕಿವುಚಿದ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. "ಕುರಿಬಾಲದ ಕೊಬ್ಬು. ಜೀರಿಗೆ. ಇದು... ಪಲಾವ್!"

"ತುರ್ಗುನ್ ಅಕಾ!" ಎಂದು ಹಿತ್ತಲಿನ ಕಡೆ ಕೂಗಿದೆ.

ಮಹಲಿನ ಅಡುಗೆಯವನು ಭುಜದ ಮೇಲೆ ಟವೆಲು ಹಾಕಿಕೊಂಡು, ಕೈಯಲ್ಲಿ ಕ್ಯಾರೆಟ್ ಹೆಚ್ಚುವ ಚಾಕು ಹಿಡಿದೇ ಬಂದ. ತಾಷ್ಕೆಂಟಿನಲ್ಲಿ ಅವನ ಕೈ ಊಟ ಮಾಡದ ಮದುಮಗನಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ.

"ಬೇಗ ಹೇಳಮ್ಮ, ಎಣ್ಣೆ ಕಾಯ್ತಾ ಇದೆ."

"ನಿಮ್ಮ ಕೊಪ್ಪರಿಗೆಗಳಲ್ಲಿ ಯಾವುದಕ್ಕಾದರೂ ತುಕ್ಕು ಹಿಡಿದಿದೆಯಾ ಅಕಾ?"

ಅವನ ಮುಖ ಟೊಮೆಟೊ ಆಯಿತು. "ಯಾರು ಹೇಳಿದ್ರು? ಯಾರು ಊರು ತುಂಬ ಸಾರ್ತಿರೋದು?"

"ಯಾರೂ ಹೇಳಿಲ್ಲ. ಕೇಳ್ತಾ ಇದ್ದೀನಿ."

"ನಮ್ಮಪ್ಪನ ಕಾಲದ ಕೊಪ್ಪರಿಗೆ ಅದು! ಬೀಡುಕಬ್ಬಿಣ, ಎಣ್ಣೆ ಕುಡಿದೂ ಕುಡಿದೂ ಕನ್ನಡಿ ಥರ ಆಗಿತ್ತು. ಹಿಂದಿನ ಸ್ಟೋರಿನಲ್ಲಿ ಬೋರಲು ಹಾಕಿಟ್ಟಿದ್ದೆ. ಹೋದ ವಾರ ತೆಗೆದು ನೋಡ್ತೀನಿ, ಒಳಗೆಲ್ಲ ಕೆಂಪಗೆ ತುಕ್ಕು, ಅಂಚಿಗೆ ಬಿಳಿ ಉಪ್ಪು. ಯಾರದೋ ಕೆಟ್ಟ ಕಣ್ಣು ಅಂತ ಇಸಿರಿಕ್ ಸೊಪ್ಪಿನ ಹೊಗೆ ಹಾಕಿಸಿದೆ."

"ಕಣ್ಣಲ್ಲ ಅಕಾ. ಕಡಲ ನೀರು. ನಿಮ್ಮ ಕೊಪ್ಪರಿಗೆಯಲ್ಲಿ ಈ ಕಲ್ಲುಗಳನ್ನ ಬೇಯಿಸಿದ್ದಾರೆ."

ತುರ್ಗುನ್ ಕಲ್ಲನ್ನು ನೋಡಿದ, ತೊಟ್ಟಿಯನ್ನು ನೋಡಿದ, ಕೊನೆಗೆ ಮಾಲೀಕನನ್ನು ನೋಡಿದ. "ಎರ್ಗಶ್! ನನ್ನ ಕೊಪ್ಪರಿಗೇಲಿ ಕಲ್ಲು ಬೇಯಿಸಿದ್ಯಾ? ಅದಕ್ಕೇನಾ ಹಮ್ದಮ್ ಬಿದ್ದ ದಿನ ಮಧ್ಯಾಹ್ನಾನೇ ನಮಗೆಲ್ಲ ರಜ ಕೊಟ್ಟು ಓಡಿಸಿದ್ದು?"

"ಮೊದಲು ಆ ಚಾಕು ಕೆಳಗಿಡಿ," ಎಂದ ಎರ್ಗಶ್.

"ಇಡಲ್ಲ!"

ಎಲ್ಮುರಾದ್ ಇಬ್ಬರ ನಡುವೆ ಬಂದು ನಿಂತ. ನಾನು ಒಂದು ಕುರ್ಚಿಯನ್ನು ಎರ್ಗಶನ ಮುಂದೆ ಎಳೆದು ಹಾಕಿದೆ. ಅವನು ಕೂರಲಿಲ್ಲ, ನಾನೇ ಕೂತೆ. ಎದುರಿಗಿರುವವನು ನಿಂತಷ್ಟೂ ಕಾಲು ಸೋಲುತ್ತದೆ.

"ದೊಡ್ಡ ಮನೆತನದ ಮದುವೆ ಬರ್ತಿತ್ತು. ತೊಟ್ಟಿ ತುಂಬ ಕಳೆಹೂ. ಹುಳುಗಳು ನಿಧಾನಕ್ಕೆ ತಿನ್ನೋದನ್ನ ನೋಡೋ ತಾಳ್ಮೆ ನಿಮಗಿರಲಿಲ್ಲ. ಕಲ್ಲುಗಳನ್ನ ಎತ್ತಿ ಕುದಿಸಿಬಿಡೋಣ ಅಂದ್ರಿ. ಸರಿಯಾ?"

"ಕುದಿಸಿದ್ರೆ ತಪ್ಪೇನು? ಕಲ್ಲು ನನ್ನದು."

"ಕಲ್ಲು ನಿಮ್ಮದು. ಆದ್ರೆ ಅದರ ಮೇಲೆ ಕಳೆಹೂ ಒಂದೇ ಇರಲಿಲ್ಲ. ಅಂಗಿ ಗುಂಡಿಯಷ್ಟೇ ಇರೋ ಇನ್ನೊಂದು ಜೀವನೂ ಗೊಂಚಲು ಗೊಂಚಲಾಗಿ ಇತ್ತು. ನೀರಿನಲ್ಲಿ ಇರೋಷ್ಟು ದಿನ ಅದು ಸಾಧು. ಕುದಿಸಿದ್ರೆ ಅದರ ವಿಷ ಹಬೆ ಜೊತೆ ಮೇಲೇಳುತ್ತೆ. ಹವಳ ಸಾಕೋರೆಲ್ಲ ಹೆದರೋದು ಅದೊಂದಕ್ಕೇ. ಮುಚ್ಚಿದ ಸ್ಟೋರಿನಲ್ಲಿ ಹಮ್ದಮ್ ಕುಡಿದಿದ್ದು ಆ ಹಬೆ."

"ಕಥೆ ಚೆನ್ನಾಗಿದೆ. ನಾನೇ ಕುದಿಸಿದೆ ಅನ್ನೋಕೆ ಸಾಕ್ಷಿ?"

"ಈ ಕಲ್ಲು. ಇದನ್ನ ಜಾಡಿಗೆ ಹಾಕಿದ್ದು ನೀವೇ."

"ನಾನ್ಯಾಕೆ ಹಾಕಲಿ?"

"ನಿಮ್ಮ ಕೈ ಒಪ್ಪಲಿಲ್ಲ ಅಕಾ, ಅದಕ್ಕೆ."

ಅವನಿಗೆ ಅರ್ಥವಾಗಲಿಲ್ಲ. ತುರ್ಗುನನಿಗೆ ಅರ್ಥವಾಯಿತು; ಅವನು ಚಾಕುವಿನ ಹಿಡಿಯಿಂದ ಹಣೆ ಚಚ್ಚಿಕೊಂಡ. ಪಕ್ಕದ ಮನೆಯಿಂದ ಬಂದ ಬೋಗುಣಿಯನ್ನು ಖಾಲಿ ಮರಳಿಸುವ ಉಜ್ಬೇಕ್ ಇನ್ನೂ ಹುಟ್ಟಿಲ್ಲ. ಹಿಡಿ ಒಣದ್ರಾಕ್ಷಿಯೋ, ಅರ್ಧ ನಾನ್ ರೊಟ್ಟಿಯೋ, ಏನೂ ಇಲ್ಲದಿದ್ದರೆ ಎರಡು ಸೇಬೋ ಹಾಕಿಯೇ ಕೊಡಬೇಕು.

"ಹುಳು ಅವಳದೇ. ಅವಳದನ್ನೇ ಅವಳಿಗೆ ಕೊಟ್ರೆ ಖಾಲಿ ಕೊಟ್ಟ ಹಾಗೇ ಅಲ್ವಾ? ಏನಾದ್ರೂ ಹಾಕ್ಬೇಕು. ಈ ಹುಳುಗಳ ಊಟ ಕಲ್ಲಿನ ಮೇಲಿರುತ್ತೆ ಅಂತ ನಿಮಗೆ ಗೊತ್ತಿತ್ತು. ಬೆಂದ ಕಲ್ಲಿನಲ್ಲಿ ಊಟ ಉಳಿಯಲ್ಲ ಅಂತ ಗೊತ್ತಿರಲಿಲ್ಲ. ಹಮ್ದಮ್‌ಗೆ ಎರಡೂ ಗೊತ್ತು. ತುರ್ಗುನ್ ಅಕಾಗೆ ಎರಡೂ ಗೊತ್ತಿಲ್ಲ, ಅವರಾಗಿದ್ರೆ ಮಾಂಸ ತುಂಬಿದ ಸಂಸಾ ಹಾಕಿರೋರು."

"ಬಿಸಿಬಿಸಿ ಸಂಸಾ," ಎಂದ ತುರ್ಗುನ್.

ಎರ್ಗಶ್ ಜಾಡಿಯನ್ನೇ ದಿಟ್ಟಿಸುತ್ತ ನಿಂತ. ಆಮೇಲೆ ತಾನಾಗಿಯೇ ಇನ್ನೊಂದು ಕುರ್ಚಿ ಎಳೆದುಕೊಂಡು ಕುಸಿದ.

"ನಮ್ಮಮ್ಮ ಕಲಿಸಿದ್ದು," ಎಂದ. "ಪಾತ್ರೆ ಖಾಲಿ ಕಳಿಸಬಾರದು ಅಂತ."

"ಮನುಷ್ಯನನ್ನ ಸಾಯೋಕೆ ಬಿಡಬಾರದು ಅಂತ ಕಲಿಸಲಿಲ್ವಾ?"

"ನಾನು ಸಾಯಿಸಿಲ್ಲ! ಹಮ್ದಮ್ ಒಳಗೆ ಕುದಿಸ್ತಾ ಇದ್ದ. ಬಂದು ಬಾಗಿಲು ತೆಗೆದಾಗ ಬಿದ್ದಿದ್ದ. ಎತ್ತಿಕೊಂಡು ಬಂದು ತೊಟ್ಟಿ ಹತ್ತಿರ ಮಲಗಿಸಿ ಆಂಬುಲೆನ್ಸ್ ಕರೆದೆ. ಅಡುಗೆ ಸ್ಟೋರಿನಲ್ಲಿ ವಿಷ ಅಂತ ಹೊರಗೆ ಗೊತ್ತಾದ್ರೆ ಈ ಮಹಲಿಗೆ ಯಾರು ಮದುವೆ ತರ್ತಾರೆ ಹೇಳಿ?"

ನನಗೆ ಪಿತ್ತ ನೆತ್ತಿಗೇರಿತು. "ಅಲ್ಲಿ ಡಾಕ್ಟರು ಯಾವ ವಿಷ ಅಂತ ತಡಕಾಡ್ತಿದ್ದಾರೆ. ನೀವು ವಾರದಿಂದ ಬಾಯಿ ಹೊಲಿದುಕೊಂಡು ಕೂತಿದ್ದೀರಿ, ತಪ್ಪನ್ನ ಈ ಪಾಪದ ಹುಳುಗಳ ತಲೆಗೆ ಕಟ್ಟಿ! ಎಲ್ಮುರಾದ್, ಏನು ನೋಡ್ತೀಯ? ಆಸ್ಪತ್ರೆಗೆ ಫೋನ್ ಮಾಡು!"

ಅವನು ಕಿಟಕಿಯ ಬಳಿ ಹೋಗಿ ಫೋನಿನಲ್ಲಿ ಕೂಗಿ ಕೂಗಿ ಹೇಳಿದ. ಹವಳದ ಹಬೆ, ಹೌದು ಹಬೆ, ಕುಡಿದದ್ದು ಶ್ವಾಸದಲ್ಲಿ ಎಂದು. ಜುಲ್ಫಿಜಾರ್ ಆಗ ತೋಳನ್ನು ನೀರಿನಿಂದ ಹೊರತೆಗೆದಳು. ನನ್ನ ಶಾಲು ಕೊಟ್ಟು ಒರೆಸಿದೆ. ಬೆರಳುಗಳೆಲ್ಲ ಸುಕ್ಕುಗಟ್ಟಿದ್ದವು, ಅಷ್ಟು ಬಿಟ್ಟರೆ ಏನೂ ಆಗಿರಲಿಲ್ಲ.

"ಗೆದ್ದೆ ಕಣೇ," ಎಂದೆ.

ಅವಳು ನಗಲಿಲ್ಲ. "ಕುದಿಸೋಕೆ ಮುಂಚೆ ಹಮ್ದಮ್ ಅಕಾ ಹುಳುಗಳನ್ನ ಕಲ್ಲಿನಿಂದ ಒಂದೊಂದಾಗಿ ಬಿಡಿಸಿ ಜಾಡಿಗೆ ಹಾಕಿದ್ದಾರೆ ಓಪಾ. ಒಂದರ ಗರಿಯೂ ಮುರಿದಿಲ್ಲ," ಎಂದಳು. ಅಷ್ಟು ಹೊತ್ತು ಬೆಂಕಿಯಂತಿದ್ದ ಹುಡುಗಿಯ ಕಣ್ಣು ತುಂಬಿ ಬಂತು. ನಿರಾಳದ ಅಳು ಎಂದುಕೊಂಡು ಅವಳ ತಲೆ ಸವರಿದೆ.

ಎಲ್ಮುರಾದ್ ಬಂದು ಮೇಜಿನ ಮೇಲಿದ್ದ ತಪ್ಪೊಪ್ಪಿಗೆಯನ್ನು ಎತ್ತಿಕೊಂಡ. "ಇದು ಇನ್ನು ಬೇಕಾಗಿಲ್ಲ."

"ಹರೀಬೇಡ ಉಕಾ," ಎಂದ ಎರ್ಗಶ್.

ದನಿ ಬದಲಾಗಿತ್ತು. ತಮ್ಮ ಎಂದು ಕರೆದರೂ ಬೇಡುವ ದನಿ ಅದಲ್ಲ.

"ಕಲ್ಲು ಕುದಿಸಿಸಿದ್ದು ನಾನೇ, ಮುಚ್ಚಿಟ್ಟಿದ್ದೂ ನಾನೇ. ಅದಕ್ಕೇನು ಶಿಕ್ಷೆಯೋ ಕೊಡಿ. ಆದ್ರೆ ನಾನೇನು ಹುಚ್ಚನಾ, ಗೊತ್ತಿರೋರನ್ನ ಕೇಳದೆ ಕುದಿಸೋಕೆ? ಹಮ್ದಮ್ ಯಾಕೋ ಹಿಂದೇಟು ಹಾಕಿದ. ಅದಕ್ಕೆ ಈ ಊರಿನಲ್ಲಿ ಇದೆಲ್ಲ ಚೆನ್ನಾಗಿ ಬಲ್ಲವರನ್ನೇ ಕೇಳಿದೆ. ಉತ್ತರ ಬಂತು. ಅದನ್ನ ಅವನಿಗೂ ಕೇಳಿಸಿದೆ. ಅವರೇ ಹೇಳಿದ ಮೇಲೆ ಸರಿ ಅಂತ ಒಳಗೆ ಹೋದ."

ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದ. ಸಣ್ಣದೊಂದು ಗರಗರ, ಆಮೇಲೆ ಹೆಣ್ಣುದನಿ.

"ಕುದಿಸಬಹುದು ಅಕಾ. ನೀರು ಚೆನ್ನಾಗಿ ಮರಳಲಿ. ಬಾಗಿಲು ಮುಚ್ಚಿಕೊಂಡು, ಪಕ್ಕದಲ್ಲೇ ನಿಂತು ಕುದಿಸಿ. ಏನೂ ಆಗಲ್ಲ."

ತುರ್ಗುನ್ ಚಾಕುವನ್ನು ಮೇಜಿನ ಮೇಲಿಟ್ಟ. ಎಲ್ಮುರಾದ್ ನನ್ನ ಮುಖ ನೋಡಿದ.

"ಇದನ್ನ ಮೊದಲೇ ಯಾಕೆ ಕೊಡಲಿಲ್ಲ?" ಎಂದೆ.

"ಕೊಟ್ಟಿದ್ರೆ ಕುದಿಸಿದ್ದು ನಾವು ಅಂತ ಒಪ್ಪಿಕೊಂಡ ಹಾಗಾಗ್ತಿತ್ತಲ್ಲ. ಈಗ ಹೇಗೂ ಎಲ್ಲ ನೀವೇ ಬಿಚ್ಚಿಟ್ರಿ."

ನಾನು ಜುಲ್ಫಿಜಾರಳ ಕಡೆ ತಿರುಗಿದೆ. ಬೆಳಗಿನಿಂದ ಈ ಹುಡುಗಿ ಹುಳುಗಳ ಪರವಾಗಿ ಮಾತ್ರ ವಾದಿಸಿದ್ದಳು. ನಾನು ಏನೂ ಮಾಡಿಲ್ಲ ಎಂದು ಒಂದು ಸಲವೂ ಹೇಳಿರಲಿಲ್ಲ. ಅದು ನನಗೆ ಹೊಳೆದದ್ದು ಆಗ.

"ಸುಳ್ಳು ಅನ್ನು. ನಿನ್ನ ದನಿಯಲ್ಲ ಅನ್ನು."

"ನನ್ನ ದನಿಯೇ ಓಪಾ."

"ಹಬೆಯಲ್ಲಿ ವಿಷ ಇರುತ್ತೆ ಅಂತ ನಿನಗೆ ತಿಳಿದಿರಲಿಲ್ಲ, ಅಲ್ವಾ? ಅಷ್ಟು ಹೇಳು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವಳು ಶಾಲನ್ನು ಮಡಚಿ ನನ್ನ ಕೈಗೆ ವಾಪಸ್ ಕೊಟ್ಟಳು. ಎರ್ಗಶನ ಎದುರಿಗೆ ಹೋಗಿ ನಿಂತಳು. ತಲೆ ತಗ್ಗಿಸಲಿಲ್ಲ.

"ತಿಳಿದೇ ಹೇಳಿದೆ. ಕೇಳಿದ್ದು ಇವನು ಓಪಾ, ಮಗಳೇ ಅಂತಲೇ ನನ್ನ ಮೇಲೆ ಕೈ ಹಾಕಿದವನು. ಕುದಿಸೋನೂ ಇವನೇ ಅಂದ್ಕೊಂಡಿದ್ದೆ."